ಯುಗಾದಿಗೆ ಮಡಿ, ರೋಹಿಣಿಗೆ ಬೀಜ

ಹೋಳಿಯ ಬಣ್ಣ ಇನ್ನೂ ಉಗುರಿನ ಸಂದಿಯಿಂದ ಹೋಗಿರಲಿಲ್ಲ, ನಾನು ಹಿತ್ತಲಲ್ಲಿ ಗುದ್ದಲಿ ಹಿಡಿದು ನಿಂತಿದ್ದೆ. ಮೊಬೈಲಿನಲ್ಲಿ ಯಾವನೋ ಪರದೇಶದವನು ಹಲಗೆ ಜೋಡಿಸಿ, ಮಣ್ಣು ತುಂಬಿ, ಮೊಣಕಾಲೆತ್ತರದ ತೋಟ ಎಬ್ಬಿಸಿದ್ದನ್ನು ನೋಡಿದ್ದೇ ಇದಕ್ಕೆಲ್ಲ ಕಾರಣ. ವಸಂತ ಬಂತು, ಏರುಮಡಿ ಕಟ್ಟಿ ಎನ್ನುತ್ತಿದ್ದ. ವಸಂತ ನಮ್ಮ ಶಿಗ್ಗಾವಿಗೂ ಬಂದಿತ್ತಲ್ಲ! ಹಳೇ ಬಾಗಿಲಿನ ಹಲಗೆ ಹೊಂದಿಸಿ, ಹೊಲದಿಂದ ಎರೆಮಣ್ಣು ತಂದು ಸುರಿದು, ಮೇಲೆ ಮೆಂತ್ಯೆ ಚೆಲ್ಲಿದೆ. ಮೂರೇ ವಾರ. ಚೈತ್ರದ ಬಿಸಿಲಿಗೆ ಮಡಿ ಬಾಯಿ ಬಿಟ್ಟಿತು. ಬೆರಳು ಇಳಿಯುವಷ್ಟು ಬಿರುಕು. ಬೆಳಿಗ್ಗೆ ಸುರಿದ ಎರಡು ಕೊಡ ನೀರು ಆ ಬಿರುಕಿಗಿಳಿದು, ಹಲಗೆಯ ಸಂದಿನಿಂದ ಸೀದಾ ಬಚ್ಚಲ ಕಡೆ ಹರಿಯುತ್ತಿತ್ತು. ಅಷ್ಟರಲ್ಲಿ ಒರಲೆಗೂ ಹಲಗೆಯ ಸುಳಿವು ಸಿಕ್ಕಿತ್ತು. ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: "ಬ್ಯಾಸಗ್ಯಾಗ ಯಾರರ ಏರಿ ಮ್ಯಾಲ ಪಲ್ಲೆ ಹಾಕ್ತಾರೇನೋ? ತಗ್ಗಿನ್ಯಾಗ ಹಾಕಬೇಕು."

ಮೊಬೈಲಿನವನ ಊರಿನ ವಸಂತವೇ ಬೇರೆ. ಅಲ್ಲಿ ಹಿಮ ಕರಗಿ ನೆಲ ಜವಳು ಹಿಡಿದು ತಣ್ಣಗಿರುತ್ತದೆ. ಮಣ್ಣನ್ನು ಒಂದಡಿ ಎತ್ತರಿಸಿದರೆ ನೀರು ಬೇಗ ಬಸಿಯುತ್ತದೆ, ಬಿಸಿಲು ಬೇಗ ತಾಗುತ್ತದೆ, ಹದಿನೈದು ದಿನ ಮೊದಲೇ ಬೀಜ ಹಾಕಬಹುದು. ನೆಲ ಬೇಗ ಕಾಯಲಿ, ಬೇಗ ಒಣಗಲಿ ಎಂದೇ ಅವನು ಕಟ್ಟುವುದು. ಇಲ್ಲಿ ಕಾಯುವುದಕ್ಕೂ ಒಣಗುವುದಕ್ಕೂ ಯಾರ ಸಹಾಯವೂ ಬೇಡ. ಯುಗಾದಿಯಿಂದ ಬಸವ ಜಯಂತಿಯವರೆಗೆ ನಮಗೆ ಬೇಕಾದದ್ದು ತಗ್ಗು ಪಾತಿ: ಗೇಣುದ್ದ ತೋಡಿ, ಸುತ್ತ ಬದು ಕೊಟ್ಟು, ಹಾಕಿದ ನೀರು ಅಲ್ಲೇ ನಿಲ್ಲುವಂತೆ ಮಾಡಿದ್ದು. ಏರುಮಡಿಗೆ ನಮ್ಮಲ್ಲಿ ಕೆಲಸ ಬೀಳುವುದು ಮಳೆಗಾಲದಲ್ಲಿ. ವಸಂತದಲ್ಲಿ ಅದನ್ನು ಕಟ್ಟಿ ಮುಗಿಸಬೇಕು, ಅಷ್ಟೇ.

ಇದನ್ನು ಕಲಿಯಲು ಮೊಬೈಲ್ ನೋಡಬೇಕಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಈ ಸೀಮೆಯಲ್ಲಿ ಅಗಿ ಬೆಳೆಸುವ ಸಸಿಮಡಿಯನ್ನು ಯಾರು ಕಂಡಿಲ್ಲ? ಕೃಷಿ ತಜ್ಞರ ಲೆಕ್ಕದಲ್ಲಿ ಅದು 7.5 ಮೀಟರ್ ಉದ್ದ, 1.2 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ರೈತರ ಲೆಕ್ಕದಲ್ಲಿ ಎರಡೂ ಕಡೆ ಕೂತು ಕಳೆ ಕಿತ್ತರೆ ಕೈ ನಡುವಿಗೆ ಮುಟ್ಟುವಷ್ಟು ಅಗಲ. ಎರಡೂ ಒಂದೇ. ಅಗಿ ಅಲ್ಲಿ ಐದಾರು ವಾರ ಇರುತ್ತದೆ. ಆ ಹೊತ್ತಿನಲ್ಲಿ ಬುಡದಲ್ಲಿ ನೀರು ನಿಂತರೆ ಒಂದೇ ರಾತ್ರಿಗೆ ಕುತ್ತಿಗೆ ಕೊಳೆತು ಮಲಗುತ್ತದೆ. ಅದಕ್ಕೇ ಎತ್ತರ.

ಸವಣೂರಿನ ಎಲೆತೋಟದಲ್ಲಿ ಈ ಜಾಣತನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಎಲೆಬಳ್ಳಿಯಷ್ಟು ರಗಳೆಯ ಬೆಳೆ ಮತ್ತೊಂದಿಲ್ಲ. ಬೇರು ಸದಾ ತಂಪಾಗಿರಬೇಕು, ಆದರೆ ನೀರಲ್ಲಿ ನಿಲ್ಲಬಾರದು. ಬಳ್ಳಿಯನ್ನು ಏರಿಯ ಮೇಲಿಟ್ಟು, ಪಕ್ಕದ ಕಾಲುವೆಯಲ್ಲಿ ನೀರು ಹಾಯಿಸುವುದು ಇದಕ್ಕಾಗಿ. ಬಳ್ಳಿ ಮರದ ತುದಿ ಮುಟ್ಟಿದಾಗ ಅದನ್ನು ಇಳಿಸಿ, ಎಲೆ ಬಿಟ್ಟ ಬರಿ ಕಾಂಡವನ್ನು ಬುಡದಲ್ಲಿ ಸುತ್ತಿ ಮಣ್ಣು ಮುಚ್ಚುತ್ತಾರೆ. ಹೊಸ ಬೇರು, ಹೊಸ ಚಿಗುರು. ಮಣ್ಣು ಹೀಗೆ ಏರುತ್ತಲೇ ಇರುವುದರಿಂದ ಹಳೆಯ ತೋಟದೊಳಗೆ ಕಾಲಿಟ್ಟಾಗ ನಾವು ನಡೆಯುವ ಕಾಲುವೆ ಕೆಳಗೆ, ತೋಟ ಮೇಲೆ. ಹೊರಗೆ ನೆತ್ತಿ ಸುಡುತ್ತಿದ್ದರೂ ಒಳಗೆ ಮಣ್ಣಿನ ತಣ್ಣನೆಯ ವಾಸನೆ.

ಎರೆಭೂಮಿಗೆ ಈ ಎತ್ತರ ಯಾಕೆ ಬೇಕೆಂದರೆ, ಆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೊರಗಿ ಸೀಳುತ್ತದೆ. ಉಬ್ಬಿದಾಗ ಗಾಳಿಯಾಡುವ ಸಂದುಗಳೆಲ್ಲ ಮುಚ್ಚಿ ಬೇರಿಗೆ ಉಸಿರು ಕಟ್ಟುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಆ ದಶಕದಲ್ಲೇ ಎರೆಹೊಲಗಳಿಗಾಗಿ ಅಗಲ ಏರುಮಡಿಯ ಪದ್ಧತಿ ರೂಪಿಸಿತು: ಸುಮಾರು 1 ಮೀಟರ್ ಮಡಿ, ಅದರ ಪಕ್ಕ ಅರ್ಧ ಮೀಟರ್ ಕಾಲುವೆ. ಹೊಲಕ್ಕೆ ಹೇಳಿದ ಆ ಅಳತೆ ಹಿತ್ತಲಿಗೂ ಸರಿಯಾಗಿ ಕೂರುತ್ತದೆ.

ಒರಲೆಗೆ ಹೆದರಿ ಈ ವರ್ಷ ಹಲಗೆ ಬಿಟ್ಟೆ. ಹಾನಗಲ್ಲ ಕಡೆ ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವವರು ಹೆಂಚುಗಳನ್ನು ಮೂಲೆಯಲ್ಲಿ ಒಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಅರ್ಧ ನೆಲದೊಳಗೆ ಹೂತು ನಿಲ್ಲಿಸಿದರೆ ಗಟ್ಟಿ ಅಂಚು. ಒಡೆದ ಪರ್ಸಿಯೂ ಆದೀತು. ಒರಲೆ ಇವನ್ನೇನು ತಿನ್ನುತ್ತದೆ? 10 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಮಡಿ ತುಂಬಲು 40 ಘನ ಅಡಿ ಬೇಕು. ನಮ್ಮ ಟ್ರ್ಯಾಕ್ಟರಿನವರ ಭಾಷೆಯಲ್ಲಿ ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ ಎರಡೂವರೆ ಮಡಿ. ಪೂರ್ತಿ ಮಣ್ಣನ್ನೇ ಕೊಳ್ಳಬೇಕಿಲ್ಲ. ತಳಕ್ಕೆ ಅರ್ಧ ಅಡಿ ಗೋವಿನಜೋಳದ ದಂಟು ಹಾಕಿ. ಹಿರೇಕೆರೂರು ಕಡೆ ಅದಕ್ಕೆ ಬರವಿಲ್ಲ. ಒಣದಂಟು ಹಾಗೇ ಕೊಳೆಯಲು ಬಿಟ್ಟರೆ ಮಣ್ಣಿನ ಸಾರಜನಕವನ್ನು ತಾನೇ ನುಂಗಿ ಸಸಿಯನ್ನು ಹಳದಿ ಮಾಡುತ್ತದೆ. ಅದಕ್ಕೇ ಮೇಲೆ ಸಗಣಿ ಬಗ್ಗಡ ಸುರಿಯಬೇಕು, ಅದಕ್ಕೇ ಎರಡು ತಿಂಗಳು ಮೊದಲೇ ಕಟ್ಟಬೇಕು. ಮಳೆ ಹಿಡಿಯುವ ಹೊತ್ತಿಗೆ ಮಡಿ ನಾಲ್ಕು ಬೆರಳು ಕುಸಿದಿರುತ್ತದೆ. ಗಾಬರಿ ಬೇಡ, ಮೇಲಿಷ್ಟು ತಿಪ್ಪೆಗೊಬ್ಬರ ಹಾಕಿ ಸರಿ ಮಾಡಿಕೊಳ್ಳಿ.

ದಂಟಿನ ಮೇಲೆ ಏನು? ಇದಕ್ಕೆ ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಒಂದೇ ಉತ್ತರವಿಲ್ಲ. ಅರೆಮಲೆನಾಡಿನ ಹಾನಗಲ್ಲಿನಲ್ಲಿ ಮಳೆ ಜಾಸ್ತಿ, ಅಲ್ಲಿ ಒಂದಡಿಗಿಂತ ಕಡಿಮೆ ಎತ್ತರ ಬೇಡ. ಸವಣೂರಿನ ಕಡೆ ಮಳೆ ಕಡಿಮೆ, ಮಣ್ಣು ಎರೆ; ಗೇಣೆತ್ತರ ಸಾಕು, ಆದರೆ ಮಸಾರಿ ಮಣ್ಣನ್ನು ಹೊರಗಿಂದ ತಂದು ಬೆರೆಸಲೇಬೇಕು. ಮಸಾರಿ ಇರುವವರಿಗೆ ಉಲ್ಟಾ: ನೀರು ಹಿಡಿದಿಡಲು ಕೆರೆಯ ಗೋಡು ಬೇಕು. ಹೆಸರಲ್ಲೇ ಕೆರೆ ಇಟ್ಟುಕೊಂಡ ಹಿರೇಕೆರೂರು, ಆನೆಕೆರೆಯ ಹಾನಗಲ್ಲ ಇದಕ್ಕೆ ಪುಣ್ಯ ಮಾಡಿವೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುವುದು ಹಿಂದಿನಿಂದ ಬಂದದ್ದೇ. ಮೆಕ್ಸಿಕೊದ ಸೊಚಿಮಿಲ್ಕೊದಲ್ಲಿ ಕೆರೆಯ ಕೆಸರನ್ನೇ ಎತ್ತಿ ಒಟ್ಟಿ ನೀರಿನ ನಡುವೆ ಚಿನಾಂಪಾ ಎಂಬ ತೋಟಗಳನ್ನು ಮಾಡಿಕೊಂಡರು, ಇಂದಿಗೂ ಅಲ್ಲಿ ತರಕಾರಿ ಬೆಳೆಯುತ್ತದೆ. ಗೋಡು ಎಂದೊಡನೆ ಆಸೆಬಿದ್ದು ಮಡಿ ತುಂಬ ಸುರಿಯಬೇಡಿ. ಅದೂ ಜೇಡಿಯೇ, ಒಣಗಿದರೆ ಇಟ್ಟಿಗೆ. ಮೂರರಲ್ಲಿ ಒಂದು ಪಾಲು ಸಾಕು.

ಮಳೆಗಾಲದ ಮಡಿಗೆ ಪುಂಡಿಪಲ್ಲೆ, ರಾಜಗಿರಿ, ಬದನೆ, ಚವಳಿ. ಅಂಚಿಗೆ ಹೀರೆ, ಸೌತೆ. ಬಂಕಾಪುರದವರು ಮಾತ್ರ ಮೇಲೊಂದು ಬಲೆ ಕಟ್ಟಿಕೊಳ್ಳುವುದು ಒಳ್ಳೆಯದು. ಕೋಟೆಯಲ್ಲಿ ನವಿಲುಧಾಮ ಇದೆ, ಎಳೆ ಚಿಗುರೆಂದರೆ ನವಿಲಿಗೆ ಜೀವ. ಒಂದು ಮಾತು ಹೇಳದೆ ಇರಲಾರೆ. ತರಕಾರಿ ಬೀಜೋತ್ಪಾದನೆಗೆ ಹೆಸರಾದ ಜಿಲ್ಲೆ ನಮ್ಮದು. ಹೂವಿನ ಗಂಡುಭಾಗವನ್ನು ಉಗುರಿನಲ್ಲಿ ಬಿಡಿಸಿ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳು ಇಲ್ಲಿ ಹಳ್ಳಿಹಳ್ಳಿಯಲ್ಲಿದ್ದಾರೆ. ಅಂಥ ಊರಿನಲ್ಲೂ ಹಿತ್ತಲಿಗೆ ಕಾಂಕ್ರೀಟ್ ಬಳಿದು, ಸಂತೆಯಿಂದ ಕೊತ್ತಂಬರಿ ತರುತ್ತೇವೆ.

ಭರಣಿ ಮಳೆ ಏಪ್ರಿಲ್ ಕೊನೆಗೆ ಹೂಡುತ್ತದೆ. ಒಂದು ಅಡ್ಡಮಳೆ ಬಿದ್ದದ್ದೇ ಬೀಜ ಹಾಕೋಣವೆಂದು ಕೈ ತುರಿಸುತ್ತದೆ. ಹೀರೆ, ಸೌತೆಯ ಬೀಜಗಳನ್ನು ಅವ್ವ ಸಗಣಿಯಲ್ಲಿ ಕಲಸಿ ಹಿತ್ತಲ ಗೋಡೆಗೆ ಬಡಿದಿದ್ದಾಳೆ, ಐದು ಬೆರಳಿನ ಗುರುತು ಇನ್ನೂ ಅದರ ಮೇಲಿದೆ. ಮೇ 25ರ ಸುಮಾರಿಗೆ ರೋಹಿಣಿ. ಅಲ್ಲಿಯತನಕ ಅದನ್ನು ಯಾರೂ ಮುಟ್ಟುವ ಹಾಗಿಲ್ಲ.