ಸಾಹಸ ಸಿಂಹ ಗುಮಾಸ್ತನಾದಾಗ

ಟಿವಿ ಧಾರಾವಾಹಿಯ ಒಂದು ಕಂತಿಗೆ ಸಿನಿಮಾ ನಾಯಕ ಬಂದುಹೋಗುವುದು ಈಗ ಮಾಮೂಲು ಸಂಗತಿ. ಚಿತ್ರ ಬಿಡುಗಡೆಗೆ ವಾರವಿದೆ ಅನ್ನುವಾಗ ಬರುತ್ತಾನೆ. ಕಥೆಯೊಳಗಿನ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಹಾಡಿನ ತುಣುಕೊಂದು, ನಾಲ್ಕು ಹೊಗಳಿಕೆ, ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಅದನ್ನು ನೆನೆಯುವವರಿಲ್ಲ. ಆದರೆ ‘ಮಾಲ್ಗುಡಿ ಡೇಸ್’ನ ಒಂದೇ ಒಂದು ಕಂತಿನಲ್ಲಿ ವಿಷ್ಣುವರ್ಧನ್ ಬಂದುಹೋದದ್ದನ್ನು ನೋಡಿದವರು ಇಷ್ಟು ವರ್ಷವಾದರೂ ಮರೆತಿಲ್ಲ. ಎರಡೂ ಅತಿಥಿ ಪಾತ್ರಗಳೇ, ಎರಡರಲ್ಲೂ ದೊಡ್ಡ ಹೆಸರಿದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ತನ್ನ ಹೆಸರನ್ನು ನಟ ಕಥೆಯ ಕೈಗೆ ಎಷ್ಟು ಒಪ್ಪಿಸಿದ ಎಂಬುದರಲ್ಲಿದೆ ಎಂಬುದು ನನ್ನ ವಾದ.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ದೂರದರ್ಶನಕ್ಕೆ ತಂದದ್ದು 1980ರ ದಶಕದ ಉತ್ತರಾರ್ಧದಲ್ಲಿ. ಟಿ.ಎಸ್. ನರಸಿಂಹನ್ ನಿರ್ಮಾಣ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ರೇಖಾಚಿತ್ರ, ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. ಮಾತು ಹಿಂದಿಯಾದರೂ ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಹೀಗೆ ತೆರೆಯ ತುಂಬ ನಮ್ಮವರೇ. ಆ ಹೊತ್ತಿಗೆ ವಿಷ್ಣುವರ್ಧನ್ ‘ಸಾಹಸ ಸಿಂಹ’ (1982), ‘ಬಂಧನ’ (1984) ಮುಗಿಸಿದ್ದ ತಾರೆ. ಇಲ್ಲಿ ಅವರಿಗೆ ಸಿಕ್ಕಿದ್ದು ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತ ವೆಂಕಟರಾವ್‌ನ ಪಾತ್ರ. ಸಂಜೆ ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಗಳು ಶಾಂತಾಳಿಗೆ ಮಾತು ಕೊಟ್ಟಿರುತ್ತಾನೆ. ಸಾಹೇಬ ಬಿಡುವುದಿಲ್ಲ. ರೋಸಿಹೋಗಿ, ಇಷ್ಟು ಕಾಸಿಗೆ ಜೀತ ಮಾಡುವುದಕ್ಕಿಂತ ಉಪವಾಸ ಬೀಳುವುದೇ ಮೇಲು ಎಂಬ ಧಾಟಿಯಲ್ಲಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಐದು ರೂಪಾಯಿ ಬಡ್ತಿಯ ಸುದ್ದಿ ಬರುತ್ತದೆ. ಪತ್ರವನ್ನು ಸಾಹೇಬ ಓದುವುದೇ ಇಲ್ಲ. ಮನೆಗೆ ಬರುವಾಗ ಅಪ್ಪನಿಗಾಗಿ ಕಾದೂ ಕಾದೂ ಮಗು ಮಲಗಿಬಿಟ್ಟಿರುತ್ತದೆ.

ಅದೇ ಪಾತ್ರವನ್ನು ಯಾರೂ ಅರಿಯದ ನಟ ಮಾಡಿದ್ದರೂ ಕಥೆ ನಿಲ್ಲುತ್ತಿತ್ತು, ನಿಜ. ವಿಷ್ಣು ಮಾಡಿದಾಗ ಅದಕ್ಕೆ ಇನ್ನೊಂದು ಪದರ ಸೇರಿತು. ಹತ್ತಾರು ಖಳರನ್ನು ಒಂಟಿಯಾಗಿ ಬಡಿದವನನ್ನು ಟೆಂಟಿನಲ್ಲಿ ಕಂಡ ಪ್ರೇಕ್ಷಕ, ಅವನೇ ಇಲ್ಲಿ ಸಂಜೆ ಮನೆಗೆ ಹೋಗಲು ಅನುಮತಿ ಬೇಡಿ ನಿಂತದ್ದನ್ನು ಕಾಣುತ್ತಾನೆ. ಆ ತೋಳಿಗೂ ಈ ಕುರ್ಚಿಯನ್ನು ಗೆಲ್ಲಲಾಗಲಿಲ್ಲವಲ್ಲ ಎಂಬ ಅನಿಸಿಕೆಯಿಂದಲೇ ಸಂಬಳದ ಹಂಗು ಎಷ್ಟು ಭಾರವೆಂದು ಅರಿವಾಗುವುದು. ಬೆಳಗಿನ ರೈಲು ಹಿಡಿದು ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿ, ಮಕ್ಕಳು ಮಲಗಿದ ಮೇಲೆ ಊರು ಸೇರುವ ಮದ್ದೂರು, ಮಂಡ್ಯದ ನೌಕರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ತಿರುಗುಮುರುಗಿನ ಉದಾಹರಣೆಯೂ ಇದೇ ಸೀಮೆಯದು. ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶ್ 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ನಾಯಕಿ ಅಲಮೇಲುವನ್ನು ಕಾಡುವ ಪುಂಡ ಜಲೀಲನಾಗಿ ಬಂದರು. ಆಗ ಅವರಿಗೆ ಒಪ್ಪಿಸಲು ಹೆಸರೇ ಇರಲಿಲ್ಲ, ಪಾತ್ರವೂ ಚಿಕ್ಕದು. ಆದರೆ ಜಲೀಲನ ಕಾಟವಿಲ್ಲದಿದ್ದರೆ ನಾಯಕ ರಾಮಾಚಾರಿ, ಅಲಮೇಲುವಿನ ಕಥೆ ಆ ದಾರಿ ಹಿಡಿಯುತ್ತಿರಲಿಲ್ಲ. ಕಥೆಗೆ ಬೇಕಾದ ಪಾತ್ರವಾದ್ದರಿಂದ ಹೆಸರು ತಾನಾಗಿ ಬಂತು.

‘ಮಾಲ್ಗುಡಿ ಡೇಸ್’ನಲ್ಲಿ ಬಹುತೇಕ ಕಂತಿಗೊಂದು ಕಥೆಯಿದ್ದ ಮೇಲೆ ಬಂದವರೆಲ್ಲ ಅತಿಥಿಗಳೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯೇ. ಆದರೆ ಅಲ್ಲಿ ಕಾಯಂ ಸಂಸಾರವೆಂದರೆ ಮಾಲ್ಗುಡಿ ಊರೇ. ಅದೇ ಬೀದಿ, ಅದೇ ಶೀರ್ಷಿಕೆ ಸಂಗೀತ, ಅದೇ ನಗು ಬೆರೆತ ನೋಟ. ಹೊರಗಿನಿಂದ ಬಂದವನು ಆ ಊರಿನ ಲಯಕ್ಕೆ ಹೊಂದಲೇಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ತಾರೆ ತಾರೆಯಾಗಿಯೇ ಬಂದರೆ ತಪ್ಪೇನು, ಜನಕ್ಕೆ ಬೇಕಾದದ್ದೂ ಅದೇ ತಾನೆ? ತಪ್ಪೇನಿಲ್ಲ. ಅಮೆರಿಕದ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಯಲ್ಲಿ 1955ರಲ್ಲಿ ಸಿನಿಮಾ ನಾಯಕ ವಿಲಿಯಂ ಹೋಲ್ಡನ್ ತನ್ನದೇ ಹೆಸರಿನಲ್ಲಿ ಬಂದ. ಹೋಟೆಲಿನಲ್ಲಿ ಊಟಕ್ಕೆ ಕೂತವನನ್ನು ಲೂಸಿ ದಿಟ್ಟಿಸುತ್ತಾಳೆ. ಅವನೂ ತಿರುಗಿ ಅವಳನ್ನೇ ದಿಟ್ಟಿಸುತ್ತಾನೆ. ಕಂಗಾಲಾದ ಅವಳ ಗಡಿಬಿಡಿಗೆ ಮಾಣಿಯ ತಟ್ಟೆಯ ತಿನಿಸೆಲ್ಲ ನಾಯಕನ ಮೈಮೇಲೆ. ಮುಂದೆ ಗುರುತು ಸಿಗದಿರಲೆಂದು ಅವಳು ಅಂಟಿಸಿಕೊಂಡ ಸುಳ್ಳು ಮೂಗಿಗೆ ಅವನೆದುರೇ ಬೆಂಕಿ ಹತ್ತುತ್ತದೆ. ಹೆಸರು ಅವನದೇ ಉಳಿಯಿತು. ಮರ್ಯಾದೆಯನ್ನು ಮಾತ್ರ ಲೂಸಿಯ ಹಾಸ್ಯಕ್ಕೆ ಬಿಟ್ಟುಕೊಟ್ಟ.

ಹಾಗಾಗಿ ಅತಿಥಿ ವೇಷ ಹಾಕಿ ಬಂದನೋ ತಾನಾಗಿಯೇ ಬಂದನೋ ಎಂಬುದು ಎರಡನೆಯ ಮಾತು. ಅವನನ್ನು ಕಂತಿನಿಂದ ತೆಗೆದು ನೋಡಿದರೆ ಕಥೆಗೆ ಏನಾದರೂ ನಷ್ಟವಾಗುತ್ತದೆಯೇ ಎಂಬುದೇ ಒರೆಗಲ್ಲು. ವೆಂಕಟರಾವ್ ಆಗಿ ವಿಷ್ಣು ಇಲ್ಲದಿದ್ದರೆ ಆ ಸೋಲಿನ ಕಾವು ಅರ್ಧ ಇಳಿಯುತ್ತದೆ. ಪ್ರಚಾರಕ್ಕೆ ಬಂದ ನಾಯಕನನ್ನು ಕತ್ತರಿಸಿದರೆ ಕಂತು ಹತ್ತು ನಿಮಿಷ ಚಿಕ್ಕದಾಗುತ್ತದೆ, ಅಷ್ಟೇ. ನೋಡುಗರ ಸಂಖ್ಯೆಗಾಗಿ ತಾರೆಯರನ್ನು ಕರೆಸುವ ವಾಹಿನಿಗಳು ಮೊದಲು ಅವರಿಗೊಂದು ಕೆಲಸ ಕೊಡಲಿ.