ಕೀಲುನೋವು: ಮಿದುಳಿನ ಚಿತ್ರ ಹೇಳುವುದೇನು?

ಪುಣೆ ಜಿಲ್ಲೆಯ ಭಿಗವಣದಲ್ಲಿ ೧೯೯೬ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡವು ಮನೆಮನೆಗೆ ಹೋಗಿ ವಿಚಾರಿಸಿದಾಗ, ಕೀಲು ಮತ್ತು ಸ್ನಾಯುಗಳ ನೋವೇ ಜನರ ಮುಖ್ಯ ಬಾಧೆಯೆಂದು ಕಂಡುಬಂದಿತು. ಆದರೂ "ಊತವೇ ಇಲ್ಲ, ನೋವೆಲ್ಲಿಂದ ಬಂತು?" ಎಂದು ಮನೆಯ ಹಿರಿಯರನ್ನೇ ಸಂದೇಹಿಸುವವರುಂಟು.

ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂಥವರು ಗಮನಿಸಬೇಕು. ರುಮಟಾಯ್ಡ್ ಸಂಧಿವಾತದ ರೋಗಿಗಳ ಬೆರಳಿನ ಬುಡದ ಕೀಲುಗಳನ್ನು ಅದುಮಿ, ಆಗ ಮಿದುಳಿನ ಯಾವ ಭಾಗ ಚುರುಕಾಗುವುದೆಂದು ಅವರು ಎಂ.ಆರ್.ಐ. ಯಂತ್ರದಿಂದ ನೋಡಿದರು. ಉರಿಯೂತವನ್ನು ಹೆಚ್ಚಿಸುವ ಟಿ.ಎನ್.ಎಫ್. ಎಂಬ ದ್ರವ್ಯವನ್ನು ತಡೆಯುವ ಔಷಧಿ ಕೊಟ್ಟ ೨೪ ಗಂಟೆಗಳೊಳಗೇ ನೋವಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. ಕೀಲಿನ ಊತ ಮಾತ್ರ ಇನ್ನೂ ಇಳಿದಿರಲಿಲ್ಲ! ಊತವೂ ನೋವೂ ಒಂದೇ ಖಾತೆಯ ಬಾಬುಗಳಲ್ಲ. ಊತ ಇಳಿದ ಮೇಲೂ ಕೆಲವರಲ್ಲಿ ನೋವು ಉಳಿಯುವುದುಂಟು; ಆಗ ಗುಳಿಗೆಗಳನ್ನು ತಾವಾಗಿಯೇ ಹೆಚ್ಚಿಸದೆ, ವೈದ್ಯರಿಗೆ ಅದನ್ನೇ ಸ್ಪಷ್ಟವಾಗಿ ಹೇಳತಕ್ಕದ್ದು.