ಗೌರಿ ಹಬ್ಬದ ಉಡುಗೊರೆ: ಸಾಲ ಮಾಡದೆ ಕೊಡುವುದು ಹೇಗೆ?

ಅಕ್ಕ-ತಂಗಿಯರೇ, ಭಾದ್ರಪದದ ತದಿಗೆ ಹತ್ತಿರ ಬಂತೆಂದರೆ ಡೇರಿ ಮುಂದೆ ಹಾಲಿನ ಪಾತ್ರೆ ಹಿಡಿದು ನಿಂತ ಸಾಲಿನಲ್ಲಿ ಮಾತೆಲ್ಲ ಒಂದೇ. ಈ ಸಲ ಬೋನಸ್ ಎಷ್ಟು ಬರಬಹುದು, ಹಬ್ಬಕ್ಕೆ ಮುಂಚೆ ಬರುತ್ತೋ ಆಮೇಲೆ ಬರುತ್ತೋ? ಆ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತು. ಮಗಳಿಗೆ ಸೀರೆ, ಅಳಿಯನಿಗೆ ಪಂಚೆ-ಶರ್ಟು, ನಾದಿನಿಗೆ ಬಾಗಿನ, ಓರಗಿತ್ತಿ ಮಕ್ಕಳಿಗೆ ಬಟ್ಟೆ, ಅಮ್ಮನಿಗೆ ಏನಾದರೂ ಒಂದು. ಇದು ಮುಗಿಯುವ ಹೊತ್ತಿಗೆ ದೀಪಾವಳಿ ಬಾಗಿಲಲ್ಲಿ ನಿಂತಿರುತ್ತದೆ.

ಬೋನಸ್ ಸಾಲದಿದ್ದರೆ ಕೈಸಾಲ. ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ತಂದರೆ ತಿಂಗಳಿಗೆ 300, ವರ್ಷ ತುಂಬುವಷ್ಟರಲ್ಲಿ ಬಡ್ಡಿಯೇ 3,600 ರೂಪಾಯಿ. ಇದನ್ನು ನಮ್ಮ ಲೆಕ್ಕದಲ್ಲಿ ನೋಡೋಣ. ಹಾಲಿಗೆ ಲೀಟರಿಗೆ 35 ರೂಪಾಯಿ, ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ, ಒಟ್ಟು 40 ಎಂದು ಇಟ್ಟುಕೊಳ್ಳಿ. ನಿಮ್ಮ ಸಂಘದ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. 3,600 ರೂಪಾಯಿ ಎಂದರೆ 90 ಲೀಟರ್ ಹಾಲು. ದಿನಕ್ಕೆ 10 ಲೀಟರ್ ಹಾಕುವ ಮನೆಯಲ್ಲಿ ಒಂಬತ್ತು ದಿನ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು ತಂದು ಕರೆದ ಹಾಲೆಲ್ಲ ಬರೀ ಬಡ್ಡಿಗೆ ಹೋಯಿತು. ಅಸಲು ಹಾಗೇ ನಿಂತಿದೆ.

ನಾನೂ ಹೀಗೆ ಮಾಡಿದವಳೇ. ಒಂದು ವರ್ಷ ಸಾಲ ತಂದು ನಾದಿನಿಗೆ ಸೀರೆ ಕೊಟ್ಟೆ. ಮುಂದಿನ ವರ್ಷ ಅದೇ ಸೀರೆ, ಮಡಿಕೆ ಬಿಚ್ಚದೆ, ಬೇರೆ ಯಾರದೋ ಮಡಿಲಿಗೆ ಹೋಗಿದ್ದನ್ನು ಕಣ್ಣಾರೆ ಕಂಡೆ. ಅವಳ ಮೇಲೆ ಕೋಪ ಬರಲಿಲ್ಲ. ನನ್ನ ಪೆಟ್ಟಿಗೆಯಲ್ಲೂ ಅಂಥವು ಮೂರು ಇದ್ದವು. ಅವತ್ತಿನಿಂದ ಕೊಡುವುದನ್ನು ಬಿಡಲಿಲ್ಲ, ಏನು ಕೊಡಬೇಕು ಅನ್ನುವುದನ್ನು ಕೊಟ್ಟಿಗೆಯಿಂದ ಹುಡುಕಲು ಶುರು ಮಾಡಿದೆ.

ಕೊಟ್ಟಿಗೆ ಎಂದ ಕೂಡಲೇ ನಿಮಗೆ ತುಪ್ಪ ನೆನಪಾಗಿರುತ್ತದೆ. "ಮನೇದೇ ತಾನೇ, ಖರ್ಚೇನು" ಅನ್ನುತ್ತೀರಿ. ಖರ್ಚಿದೆ. ಜಿಡ್ಡು 4 ಇರುವ ಹಸುವಿನ ಹಾಲಾದರೆ 25 ಲೀಟರಿನಲ್ಲಿ ಸುಮಾರು ಒಂದು ಕೆಜಿ ಜಿಡ್ಡು ಇರುತ್ತದೆ. ಮನೆಯಲ್ಲಿ ಕಡೆದು ಕಾಯಿಸುವಾಗ ಮಜ್ಜಿಗೆಯಲ್ಲಿ ಒಂದಿಷ್ಟು, ತಳದ ಗಸಿಯಲ್ಲಿ ಒಂದಿಷ್ಟು ಹೋಗುತ್ತದೆ. ಹಾಗಾಗಿ ಕೆಜಿ ತುಪ್ಪಕ್ಕೆ 28 ಲೀಟರ್ ಹಾಲು ಬೇಕೆಂದು ಹಿಡಿಯಿರಿ. ಡೇರಿಗೆ ಹಾಕಿದ್ದರೆ ಅದಕ್ಕೆ 1,120 ರೂಪಾಯಿ ಬರುತ್ತಿತ್ತು. ಮಜ್ಜಿಗೆ ನಿಮಗೆ ಉಳಿಯಿತು ಅನ್ನುವುದೂ ನಿಜವೇ. ಆದರೂ ಕೆಜಿಗಟ್ಟಲೆ ತುಪ್ಪ ಹಂಚುವುದು ಅಗ್ಗದ ಕೆಲಸವಲ್ಲ. ಕಾಲು ಕೆಜಿ ಹಿಡಿಯುವ ಗಾಜಿನ ಬಾಟಲಿ ತೆಗೆದುಕೊಳ್ಳಿ. 280 ರೂಪಾಯಿ ಹಾಲಿನ ತುಪ್ಪ ಅದರಲ್ಲಿ ಹಿಡಿಯುತ್ತದೆ. ಬಾಣಂತಿ ಇರುವ ಮನೆಗೆ, ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವ ಮಗಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಎಲ್ಲರಿಗೂ ತುಪ್ಪವೇ ಆಗಬೇಕಿಲ್ಲ.

ಒಂದು ಎಚ್ಚರಿಕೆ. ಮನೆಗೆ ಎಂದು ಇಟ್ಟುಕೊಂಡ ಹಾಲಿನ ಕೆನೆಯನ್ನಷ್ಟೇ ತೆಗೆಯಿರಿ. ಡೇರಿಗೆ ಹೋಗುವ ಹಾಲಿನ ಕೆನೆಗೆ ಕೈ ಹಾಕಿದರೆ ಜಿಡ್ಡು ಇಳಿಯುತ್ತದೆ, ನಿಮ್ಮ ದರವೂ ಇಳಿಯುತ್ತದೆ. ಬೆಣ್ಣೆ ಕಾಯಿಸುವಾಗ ಚಟಪಟ ಸದ್ದು ಪೂರ್ತಿ ನಿಲ್ಲಬೇಕು, ತಳದ ಗಸಿ ಕಂದು ಬಣ್ಣಕ್ಕೆ ತಿರುಗಬೇಕು. ನೀರಿನಂಶ ಉಳಿದರೆ ತುಪ್ಪ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ಬಾಟಲಿಯನ್ನು ಹಿಂದಿನ ದಿನವೇ ತೊಳೆದು ಬಿಸಿಲಿಗೆ ಇಡಿ.

ಕಡಿಮೆ ಹಾಲಿನಲ್ಲಿ ಹೆಚ್ಚು ಮನೆಗೆ ಆಗುವುದು ಪೇಡ. ಎರಡು ಲೀಟರ್ ಹಸುವಿನ ಹಾಲು ಕುದಿಸಿ ಬತ್ತಿಸಿದರೆ ಸುಮಾರು 350 ಗ್ರಾಂ ಖೋವಾ ಸಿಗುತ್ತದೆ. ಎಮ್ಮೆ ಹಾಲಾದರೆ ಇನ್ನೂ ಹೆಚ್ಚು, ಹದವೂ ಚೆನ್ನಾಗಿ ಬರುತ್ತದೆ. 100 ಗ್ರಾಂ ಸಕ್ಕರೆ, ನಾಲ್ಕು ಏಲಕ್ಕಿ ಹಾಕಿ ಕೆದಕಿ ಇಳಿಸಿದರೆ ಹತ್ತಿರ ಹತ್ತಿರ 450 ಗ್ರಾಂ ಪೇಡ. ಹಾಲು 80 ರೂಪಾಯಿ, ಸಕ್ಕರೆ-ಏಲಕ್ಕಿ ಸೇರಿ 100 ರೂಪಾಯಿಯೊಳಗೆ ಮುಗಿಯಿತು, ಸೌದೆ ಮನೆಯದಾದರೆ. ಎರಡು ಮನೆಗೆ ಧಾರಾಳ. ದಪ್ಪ ತಳದ ಬಾಣಲೆ ಬೇಕು, ಕೈ ಬಿಡದೆ ಕೆದಕಬೇಕು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಧಾರವಾಡದ ಪೇಡಕ್ಕೆ ಆ ಕಂದು ಬಣ್ಣ, ಆ ರುಚಿ ಬರುವುದು ಖೋವಾವನ್ನು ಇನ್ನೂ ಬಹಳ ಹೊತ್ತು ಹುರಿಯುವುದರಿಂದಲೇ. ಹುರಿದಷ್ಟೂ ಹೆಚ್ಚು ದಿನ ತಡೆಯುತ್ತದೆ. ಬಿಳಿ ಪೇಡವಾದರೆ ಹಬ್ಬದ ಹಿಂದಿನ ದಿನ ಮಾಡಿ, ಮೂರು ದಿನದೊಳಗೆ ತಿನ್ನಿ ಎಂದು ಹೇಳಿಯೇ ಕೊಡಿ. ಈಗಷ್ಟೇ ಕರು ಹಾಕಿದ ಹಸುವಿನ ಹಾಲು ಒಡೆಯುತ್ತದೆ. ಅದನ್ನು ಮೊದಲು ಕರುವಿಗೆ ಕುಡಿಸಿ, ಮಿಕ್ಕಿದ್ದು ಗಿಣ್ಣಿಗಾಯಿತು. ಕೆಚ್ಚಲು ಬಾವಿಗೋ ಜ್ವರಕ್ಕೋ ಔಷಧಿ ನಡೆಯುತ್ತಿರುವ ಹಸುವಿನ ಹಾಲಂತೂ ಡಾಕ್ಟರು ಹೇಳಿದಷ್ಟು ದಿನ ಯಾವುದಕ್ಕೂ ಬೇಡ.

ಇನ್ನು ಬಾಗಿನ. ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಸಿದ್ಧ ಬಾಗಿನ ಸಿಗುತ್ತದೆ. ಒಳಗಿನ ಬಾಚಣಿಗೆಯಲ್ಲಿ ತಲೆ ಬಾಚಲಾಗದು, ಕನ್ನಡಿಯಲ್ಲಿ ಮುಖ ಕಾಣದು, ಬೇಳೆ ಒಂದು ಹಿಡಿಯೂ ಇರದು. ಸಂತೆಯಲ್ಲಿ ಮೇದರ ಹತ್ತಿರ ಮೊರ ತೆಗೆದುಕೊಳ್ಳಿ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ ಪದ್ಧತಿಯಂತೆ ಇರಲಿ. ಉಳಿದದ್ದಕ್ಕೆ ನಿಮ್ಮ ಹೊಲದ ತೊಗರಿಬೇಳೆ, ಹೆಸರುಕಾಳು, ಅಚ್ಚುಬೆಲ್ಲ, ತೋಟದ ಕಾಯಿ ಇಡಿ. ಒಂದೊಂದೂ ಒಂದು ಹೊತ್ತಿನ ಅಡುಗೆಗೆ ಸಾಲುವಷ್ಟು ಇದ್ದರೆ ಬಾಗಿನ ಪಡೆದವಳು ಅದನ್ನು ಅಟ್ಟಕ್ಕೆ ಹಾಕುವುದಿಲ್ಲ, ಒಲೆಗೆ ಇಡುತ್ತಾಳೆ. ಕಣ ಇಡುವುದಾದರೆ ಹೊಲಿಸಿ ತೊಡಬಹುದಾದ ಹತ್ತಿ ಬಟ್ಟೆಯದೇ ಇಡಿ. ಮೇಲಿನ ಮೊರವನ್ನು ಅವಳು ನಾಳೆಯೇ ರಾಗಿ ಕೇರಲು ತೆಗೆಯುತ್ತಾಳೆ. ಉತ್ತರ ಕರ್ನಾಟಕದ ಕಡೆ ನಾಗರ ಪಂಚಮಿಗೆ ಮಗಳ ಮನೆಗೆ ಕಳಿಸುವ ಶೇಂಗಾ ಉಂಡಿ, ಎಳ್ಳುಂಡಿಗಳೂ ಇದೇ ಜಾತಿಯವು. ಕೊಟ್ಟದ್ದು ತಿನ್ನಲಿಕ್ಕೆ.

ಹಸು ಕಟ್ಟಿರುವ ಗೆಳತಿಗೆ ಏನು ಕೊಡುವುದು? ನೇಪಿಯರ್ ಹುಲ್ಲಿನ ಕಡ್ಡಿ. ನಗಬೇಡಿ. ಚೆನ್ನಾಗಿ ಬಲಿತ ಕಾಂಡವನ್ನು ಎರಡು-ಮೂರು ಕಣ್ಣು ಬರುವಂತೆ ಕತ್ತರಿಸಿ, ನೂರು ಕಡ್ಡಿ ಕಟ್ಟಿ ಗೋಣಿಯಲ್ಲಿ ಸುತ್ತಿ ಕೊಡಿ. ನಿಮಗೆ ಒಂದು ಪೈಸೆ ಖರ್ಚಿಲ್ಲ. ಮಳೆ ಹಸಿ ಇರುವಾಗ ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ನೀರಿದ್ದರೆ ಸುಮಾರು ಒಂದೂವರೆ ತಿಂಗಳಿಗೊಂದು. ಅವಳ ಹಸು ವರ್ಷಗಟ್ಟಲೆ ನಿಮ್ಮ ಉಡುಗೊರೆ ತಿನ್ನುತ್ತದೆ. ನಿಮ್ಮಲ್ಲಿ ಅಜೋಲಾ ತೊಟ್ಟಿ ಇದ್ದರೆ ಒಂದು ಕೆಜಿ ಅಜೋಲಾ ಬಕೆಟ್ಟಿನಲ್ಲಿ ಕೊಟ್ಟರೂ ಆಯಿತು, ಅವಳು ತೊಟ್ಟಿ ಮಾಡಲು ಅಷ್ಟು ಸಾಕು.

ನಾನು ಇಷ್ಟು ಬರೆಯಲು ಕೂತದ್ದು ಮುಂದಿನ ಮಾತಿಗಾಗಿ.

ಗೌರಿ ಹಬ್ಬ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಹಸು ಕಟ್ಟಿದವಳು ಎಲ್ಲಿ ಹೋಗುತ್ತಾಳೆ? ಬೆಳಿಗ್ಗೆ ಕರೆದು ಬಸ್ಸು ಹತ್ತಿದರೆ ಸಂಜೆ ಕರೆಯುವ ಹೊತ್ತಿಗೆ ವಾಪಸ್ ಬರಬೇಕು. ತಾಯಿ ಬಡಿಸಿದ ಎಲೆ ಮುಂದೆ ಕೂತು ಗಡಿಯಾರ ನೋಡುತ್ತಾಳೆ. ಎಷ್ಟೋ ಮನೆಗಳಲ್ಲಿ ಗಂಡಸರು ಹಾಲು ಡೇರಿಗೆ ತಲುಪಿಸುತ್ತಾರೆ, ಕರೆಯಲು ಬರುವುದಿಲ್ಲ. (ಬರುವುದಿಲ್ಲವೋ, ಕಲಿಯಲಿಲ್ಲವೋ, ನೀವೇ ಹೇಳಿ.) ಹತ್ತು ವರ್ಷದಿಂದ ತವರಲ್ಲಿ ಒಂದು ರಾತ್ರಿ ಮಲಗದವರು ನಿಮ್ಮ ಬೀದಿಯಲ್ಲೇ ಇರಬಹುದು. ಅವಳಿಗೆ ಸೀರೆ ಬೇಡ. "ಎರಡು ದಿನ ನಿನ್ನ ಹಸು ನಾನು ಕರೀತೀನಿ, ಹೋಗಿ ಬಾರೇ" ಅನ್ನಿ. ದೀಪಾವಳಿಗೆ ಅವಳು ನಿಮ್ಮ ಹಸು ಕರೆಯಲಿ.

ಇದನ್ನು ಹಬ್ಬದ ದಿನ ದಿಢೀರನೆ ಮಾಡಲಾಗದು. ಹೊಸಬರನ್ನು ಕಂಡು ಹೆದರಿದ ಹಸು ಸೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಬಾವು ಬರುವ ಭಯ. ಹಾಗಾಗಿ ನಾಲ್ಕೈದು ದಿನ ಮುಂಚಿನಿಂದಲೇ ಅವಳ ಜೊತೆ ಹೋಗಿ ನಿಲ್ಲಿ. ಮೊದಲು ಹಿಂಡಿ ಇಡಿ, ಮೈ ಸವರಿ, ಮೂರನೇ ದಿನ ಅವಳು ಪಕ್ಕದಲ್ಲಿರುವಾಗಲೇ ಕರೆಯಿರಿ. ಅವಳು ಕರೆಯುವಾಗ ಹೊದೆಯುವ ಟವೆಲ್ಲನ್ನೇ ನೀವೂ ಹೊದ್ದುಕೊಂಡರೆ ಗುರುತಿನ ವಾಸನೆಗೆ ಹಸು ಬೇಗ ಒಗ್ಗುತ್ತದೆ. ಅವಳು ಕರೆಯುವ ಹೊತ್ತಿಗೇ ಕರೆಯಿರಿ, ನಿಮ್ಮ ಮನೆಯ ಹೊತ್ತಿಗಲ್ಲ. ನಿಮ್ಮ ಹಸು ಕರೆದ ಕೈಯನ್ನು ಸೋಪು ಹಾಕಿ ತೊಳೆದೇ ಅವಳ ಹಸು ಮುಟ್ಟಿ, ಕೆಚ್ಚಲು ಒರೆಸಲು ಅವಳ ಮನೆಯ ಬಟ್ಟೆಯೇ ಇರಲಿ. ನಿಮ್ಮ ಹಸುವಿಗೆ ಕೆಚ್ಚಲು ಬಾವು ಇದ್ದರೆ ಈ ಸಲ ಒಪ್ಪಿಕೊಳ್ಳಬೇಡಿ.

ಹಿಂಡಿ ಎಷ್ಟು ಸೇರು, ಹುಲ್ಲು ಎಷ್ಟು ಹೊರೆ, ಕರುವಿಗೆ ಎಷ್ಟು ಹಾಲು, ಡಾಕ್ಟರ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಕೊಟ್ಟಿಗೆ ಕಂಬಕ್ಕೆ ಕಟ್ಟಿ. ಹಬ್ಬ ಅಂತ ಮಿಕ್ಕ ಹೋಳಿಗೆ, ಅನ್ನ, ಪಾಯಸ ಹಸುವಿನ ಮುಂದೆ ಸುರಿಯಬೇಡಿ. ಹೊಟ್ಟೆ ಕೆಟ್ಟು ಹಸು ಮಲಗಿದರೆ ಗೆಳತನವೂ ಮಲಗೀತು. ಡೇರಿಯಲ್ಲಿ ಹಾಲು ಹಾಕುವಾಗ ಅವಳ ನಂಬರಿಗೇ ಹಾಕಿಸಿ, ಲೀಟರ್, ಜಿಡ್ಡು ಬರೆದ ಚೀಟಿ ತೆಗೆದಿಟ್ಟುಕೊಳ್ಳಿ. ಎರಡು ದಿನ ಅರ್ಧ-ಒಂದು ಲೀಟರ್ ಕಡಿಮೆ ಬಂದರೂ ಬರಬಹುದು. ಅದನ್ನು ಹೊರಡುವ ಮುಂಚೆಯೇ ಇಬ್ಬರೂ ಮಾತಾಡಿಕೊಂಡಿರಿ, ಬಂದ ಮೇಲೆ ಚೀಟಿ ಅವಳ ಕೈಗೆ ಕೊಡಿ.

ಹಬ್ಬಕ್ಕೆ ಇನ್ನೂ ಎರಡು ವಾರವಿದೆ. ಇವತ್ತು ಸಂಜೆ ಡೇರಿ ಸಾಲಿನಲ್ಲಿ ನಿಮ್ಮ ಮುಂದೆ ನಿಂತವಳನ್ನು ಕೇಳಿ ನೋಡಿ, ತವರಿಗೆ ಹೋಗಿ ಎಷ್ಟು ದಿನವಾಯಿತು ಅಂತ.